"ಪ್ಯಾರಾಬೆನ್ ಇಲ್ಲ" ಅಂತ ಬರೆದ ವೈಪ್ಸ್ ತಂದರೂ ಮಗುವಿನ ಅಂಡು ಕೆಂಪಗೇ ಇದೆ. ಯಾರಿಗಾದರೂ ಹೀಗಾಗಿದೆಯಾ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ತಿಂಗಳು. ಐದು ತಿಂಗಳು ತುಂಬುವ ತನಕ ತವರಲ್ಲಿದ್ದೆ. ಅಲ್ಲಿ ಅಮ್ಮ ಎಲ್ಲದಕ್ಕೂ ಬಿಸಿನೀರು, ಹಳೇ ಕಾಟನ್ ಸೀರೆ ತುಂಡು. ಏನೂ ತೊಂದರೆ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಕೆಲಸಕ್ಕೂ ಹೋಗಬೇಕಲ್ಲ, ಡೈಪರ್ ಮತ್ತು ವೈಪ್ಸ್ ಶುರುವಾಯಿತು. ಮೊದಮೊದಲು ಚೆನ್ನಾಗಿಯೇ ಇತ್ತು. ಈಗ ಒಂದೂವರೆ ತಿಂಗಳಿಂದ ಅಂಡಿನ ಸುತ್ತ ಕೆಂಪಗಾಗಿ ಸಿಪ್ಪೆ ಏಳುತ್ತಿದೆ. ಬಾಯಿಯ ಸುತ್ತಲೂ ಸ್ವಲ್ಪ ಇದೆ, ಅದು ಜೊಲ್ಲಿಗೆ ಅಂದುಕೊಂಡಿದ್ದೇನೆ.

ಔಷಧಿ ಅಂಗಡಿಯಲ್ಲಿ ಕೇಳಿದಾಗ ಒಂದು ಕ್ರೀಮ್ ಕೊಟ್ಟರು. ಹಚ್ಚಿದರೆ ನಾಲ್ಕು ದಿನಕ್ಕೆ ಮಾಯ, ಬಿಟ್ಟ ವಾರಕ್ಕೆ ಮತ್ತೆ ಹಾಜರ್. ನೆಟ್‌ನಲ್ಲಿ ಎಲ್ಲರೂ, ಕ್ರೀಮು ಲೋಷನ್ ಕೆಡದ ಹಾಗೆ ಹಾಕುವ ಪ್ಯಾರಾಬೆನ್ ಅನ್ನುವ ಕೆಮಿಕಲ್ ಕೆಟ್ಟದ್ದು ಅಂತ ಬರೆದಿದ್ದರು. ಅದಕ್ಕೇ ದುಬಾರಿ ವೈಪ್ಸ್ ತಂದೆ. "ಪ್ಯಾರಾಬೆನ್ ಇಲ್ಲ, ಆಲ್ಕೋಹಾಲ್ ಇಲ್ಲ, 98% ನೀರು" ಅಂತ ದೊಡ್ಡದಾಗಿ ಬರೆದಿದೆ. ಹತ್ತು ದಿನವಾಯಿತು, ಕಮ್ಮಿ ಆಗುವುದಿರಲಿ, ಜಾಸ್ತಿಯೇ ಆಗಿದೆ. ಬರೀ ನೀರಿದ್ದರೆ ಯಾಕೆ ಹೀಗೆ? ನಮ್ಮತ್ತೆ ಒಂದೇ ಸಮನೆ "ಹೆಸರು ಹಿಟ್ಟಲ್ಲಿ ತೊಳೆ" ಅನ್ನುತ್ತಿದ್ದಾರೆ. ನನಗೆ ತಲೆ ಕೆಟ್ಟಿದೆ.

ಮೈಸೂರು ಸೋಪಮ್ಮ

ಪಾಪ ಕಂದಮ್ಮ. ಅಂಗಡಿಯ ವಸ್ತು ಪೂರ್ತಿ ಬಿಟ್ಟುಬಿಡಿ ತಂಗಿ. ಪ್ಯಾರಾಬೆನ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ಯಾವತ್ತೋ ಸಾಬೀತಾಗಿದೆ. ನಾನು ಮನೆಯಲ್ಲೇ ಲೋಳೆಸರದ ಲೋಷನ್ ಮಾಡುತ್ತೇನೆ. ಲೋಳೆಸರ, ರೋಸ್ ವಾಟರ್, ಬಾದಾಮಿ ಎಣ್ಣೆ ಅಷ್ಟೇ. ಒಂದು ಹನಿ ಕೆಮಿಕಲ್ ಇಲ್ಲ. ಎಷ್ಟೋ ಮಕ್ಕಳಿಗೆ ಕೊಟ್ಟಿದ್ದೇನೆ.

ಪೀಣ್ಯ ಲ್ಯಾಬ್

ಸೋಪಮ್ಮನವರೇ, ಬೇಜಾರು ಮಾಡಿಕೊಳ್ಳಬೇಡಿ, ಎರಡು ಮಾತು ಹೇಳಲೇಬೇಕು. ಕ್ರೀಮು, ಶಾಂಪೂಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆಯಾ ಅಂತ ನೋಡುವುದೇ ನನ್ನ ಹೊಟ್ಟೆಪಾಡು.

ಮೊದಲನೆಯದು ಕ್ಯಾನ್ಸರ್ ವಿಷಯ. ಈ ಗಲಾಟೆ ಶುರುವಾಗಿದ್ದು 2004ರಲ್ಲಿ ಬ್ರಿಟನ್‌ನಲ್ಲಿ ಬಂದ ಒಂದು ಸಣ್ಣ ಅಧ್ಯಯನದಿಂದ. 20 ಸ್ತನ ಗೆಡ್ಡೆಗಳ ತುಣುಕು ತೆಗೆದುಕೊಂಡು ನೋಡಿದರು, ಅವುಗಳಲ್ಲಿ ಪ್ಯಾರಾಬೆನ್ ಸಿಕ್ಕಿತು. ಆದರೆ ಪಕ್ಕದ ಆರೋಗ್ಯವಾದ ಭಾಗದಲ್ಲಿ ಎಷ್ಟಿದೆ ಅಂತ ಹೋಲಿಸಿ ನೋಡಿರಲಿಲ್ಲ. ಅಲ್ಲಿ ಇತ್ತು ಅನ್ನುವುದಕ್ಕೂ ಅದರಿಂದಲೇ ಗೆಡ್ಡೆ ಬಂತು ಅನ್ನುವುದಕ್ಕೂ ದೊಡ್ಡ ಅಂತರವಿದೆ, ಅಲ್ವಾ? ಹಾಗಂತ ಪ್ಯಾರಾಬೆನ್ ಪೂರಾ ಸಾಚಾ ಅಂತಲೂ ಅಲ್ಲ. ಪ್ರೊಪೈಲ್, ಬ್ಯೂಟೈಲ್ ಅನ್ನುವ ದೊಡ್ಡ ಅಣುವಿನವು ಈಸ್ಟ್ರೋಜನ್ ಹಾರ್ಮೋನಿನ ಹಾಗೆ ಬಹಳ ಸಣ್ಣಗೆ ನಟಿಸುತ್ತವೆ. ಮೀಥೈಲ್, ಎಥೈಲ್‌ಗಳಲ್ಲಿ ಆ ಗುಣ ಇನ್ನೂ ಕಮ್ಮಿ.

ಎರಡನೆಯದು ನಿಮ್ಮ ಲೋಷನ್. ನೀರು ಇದ್ದ ಕಡೆ ಜೀವ ಇರುತ್ತದೆ. ದೋಸೆ ಹಿಟ್ಟು ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಉಕ್ಕಿ ಬಂದಿರುತ್ತದಲ್ಲ, ಲೋಳೆಸರದ ಲೋಷನ್ನಿನಲ್ಲಿ ಆಗುವುದೂ ಅದೇ. ವ್ಯತ್ಯಾಸ ಏನೆಂದರೆ ಹಿಟ್ಟಿನ ವಾಸನೆ ನಿಮಗೆ ಗೊತ್ತಾಗುತ್ತೆ, ಇದು ಗೊತ್ತಾಗುವುದಿಲ್ಲ. ನಾವು ಲ್ಯಾಬಿನಲ್ಲಿ ಬೇಕೆಂದೇ ಐದು ಬಗೆಯ ಕ್ರಿಮಿಗಳನ್ನು ಕ್ರೀಮಿಗೆ ಸೇರಿಸಿ 28 ದಿನ ಎಣಿಸುತ್ತೇವೆ, ಸಾಯುತ್ತಿವೆಯೋ ಹೆಚ್ಚುತ್ತಿವೆಯೋ ಅಂತ. ಪ್ರಿಸರ್ವೇಟಿವ್, ಅಂದರೆ ಕೆಡದಂತೆ ತಡೆಯುವ ವಸ್ತು, ಹಾಕದ ನೀರಿನ ಲೋಷನ್ ಅದರಲ್ಲಿ ಪಾಸ್ ಆಗಿದ್ದನ್ನು ನಾನಂತೂ ನೋಡಿಲ್ಲ.

2014ರಲ್ಲಿ ಅಮೆರಿಕದಲ್ಲಿ ಮಕ್ಕಳ ವೈಪ್ಸ್ ರಾಶಿಗಟ್ಟಲೆ ವಾಪಸ್ ತರಿಸಿಕೊಂಡರು. ಒಳಗೆ ಬರ್ಖೋಲ್ಡೇರಿಯಾ ಸೆಪೇಸಿಯಾ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತ್ತು. ಆರೋಗ್ಯವಂತರಿಗೆ ಏನೂ ಮಾಡಲ್ಲ. ದಿನ ತುಂಬದೆ ಹುಟ್ಟಿದ ಮಗುವಿಗೆ, ಶ್ವಾಸಕೋಶದ ಕಾಯಿಲೆ ಇರುವವರಿಗೆ ಅಪಾಯ.

ಮೈಸೂರು ಸೋಪಮ್ಮ

ನಾನೇನು ಸುಮ್ನೆ ಮಾಡುತ್ತಿಲ್ಲ ಸಾರ್. ಕೆಡದ ಹಾಗೆ ಚಕ್ಕೋತ ಜಾತಿಯ ಹಣ್ಣಿನ ಬೀಜದ ಸಾರ ಹಾಕುತ್ತೇನೆ, ಗ್ರೇಪ್‌ಫ್ರೂಟ್ ಬೀಜದ್ದು. ಅದು ನೈಸರ್ಗಿಕ.

ಪೀಣ್ಯ ಲ್ಯಾಬ್

ಅಯ್ಯೋ, ಅದರ ಕಥೆಯೇ ತಮಾಷೆ. ಮಾರುಕಟ್ಟೆಯ ಆ ಸಾರವನ್ನು ಜರ್ಮನಿಯಲ್ಲಿ ಪರೀಕ್ಷೆ ಮಾಡಿದಾಗ ಕ್ರಿಮಿ ಕೊಲ್ಲುತ್ತಿದ್ದ ಬಾಟಲಿಗಳಲ್ಲಿ ಬೆಂಝೆಥೋನಿಯಂ ಕ್ಲೋರೈಡ್ ಇತ್ತು, ಕೆಲವದರಲ್ಲಿ ಟ್ರೈಕ್ಲೋಸಾನ್, ಮೀಥೈಲ್ ಪ್ಯಾರಾಬೆನ್ ಕೂಡ. ಅವು ಯಾವುವೂ ಇಲ್ಲದ ಸಾರ ಕ್ರಿಮಿಯನ್ನು ಕೊಲ್ಲಲೇ ಇಲ್ಲ. ಅಂದರೆ ಕೆಲಸ ಮಾಡುತ್ತಿದ್ದದ್ದು ಬೀಜ ಅಲ್ಲ, ನೀವು ಓಡಿಸಿದ ಕೆಮಿಕಲ್ಲೇ ಹಿಂಬಾಗಿಲಿನಿಂದ ಬಂದು ಕೂತಿತ್ತು.

ಕುಂದಾಪುರದಜ್ಜಿ

ನಾನು ಐದು ಮೊಮ್ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದವಳು. ತೆಂಗಿನೆಣ್ಣೆ, ಹಂಡೆ ನೀರು. ಮಲ ಮಾಡಿದರೆ ನೀರು, ಆಮೇಲೆ ಒಣ ಬಟ್ಟೆ. ಇಷ್ಟಕ್ಕೆ ಇಷ್ಟು ಚರ್ಚೆ ಯಾಕೆ ಮಕ್ಕಳೇ? ಮಿಂದ ಮೇಲೆ ಸ್ವಲ್ಪ ಲೋಬಾನದ ಹೊಗೆ ಹಿಡಿದರೆ ನೆಗಡಿಯೂ ಇಲ್ಲ, ಗುಳ್ಳೆಯೂ ಇಲ್ಲ.

ಪೀಣ್ಯ ಲ್ಯಾಬ್

ಅಜ್ಜಿ, ಎಣ್ಣೆಗೆ ಪ್ರಿಸರ್ವೇಟಿವ್ ಬೇಡ ಅನ್ನುವುದು ನಿಜ. ನೀರೇ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಹೆಚ್ಚೆಂದರೆ ಎಣ್ಣೆ ಕಮಟು ವಾಸನೆ ಬರಬಹುದು. ಆದರೆ ಲೋಬಾನದ ವಿಷಯ ಕೇಳಿ: ಬೆಂಜೋಯಿಕ್ ಆಸಿಡ್ ಅನ್ನುವ ಪ್ರಿಸರ್ವೇಟಿವ್ ಇದೆಯಲ್ಲ, ಜಾಮು, ಸಾಸಿನ ಬಾಟಲಿ ಮೇಲೆ ಅದರ ತಮ್ಮ ಸೋಡಿಯಂ ಬೆಂಜೋಯೇಟ್ ಹೆಸರು ನೋಡಿರುತ್ತೀರಿ, ಅದನ್ನು ಮೊದಲು ತೆಗೆದದ್ದೇ ಲೋಬಾನದ ಅಂಟಿನಿಂದ. ಹೆಸರೂ ಅಲ್ಲಿಂದಲೇ ಬಂದದ್ದು. ನಿಮ್ಮ ಹೊಗೆ ಬಟ್ಟಲಲ್ಲೂ ಕೆಮಿಕಲ್ ಇತ್ತು ಅಜ್ಜಿ!

ಕುಂದಾಪುರದಜ್ಜಿ

ಹೌದಾ! ನಾನೂ ವಿಜ್ಞಾನಿಯೇ ಆದೆ ಹಾಗಾದರೆ.

ಹುಬ್ಬಳ್ಳಿ ಚರ್ಮದ ಡಾಕ್ಟರ್

ಲೋಬಾನ ಏನೇ ಇರಲಿ, ಎಳೆ ಮಗುವಿನ ಮೂಗಿಗೆ ಹೊಗೆ ಬೇಡ ಅಜ್ಜಿ. ಆ ಒಂದು ವಿಷಯದಲ್ಲಿ ನನ್ನ ಮಾತು ಕೇಳಿ.

ದಾವಣಗೆರೆ ಅಮ್ಮ, ಮಗುವನ್ನು ನೋಡದೆ ಇದೇ ಕಾಯಿಲೆ ಅಂತ ಹೇಳಲಾಗದು. ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ತೊಡೆಯ ಸಂದಿಯ ಮಡಿಕೆಯೊಳಗೆ ಕೆಂಪು ಇದೆಯಾ, ಇಲ್ಲ ವೈಪ್ಸ್ ತಾಗುವ ಜಾಗದಲ್ಲಿ ಮಾತ್ರವಾ? ಊಟವಾದ ಮೇಲೆ ಬಾಯಿ ಒರೆಸುವುದೂ ಅದೇ ವೈಪ್ಸಲ್ಲಾ? ಕೆಂಪಿನ ಸುತ್ತ ಸಣ್ಣ ಸಣ್ಣ ಚುಕ್ಕಿ ಗುಳ್ಳೆ ಇವೆಯಾ? ಕೊನೆಯದು, ನಿಮ್ಮ ಕೈ ಹೇಗಿದೆ?

ದಾವಣಗೆರೆ ಅಮ್ಮ

ಡಾಕ್ಟ್ರೇ, ನಿಮಗೆ ಹೇಗೆ ಗೊತ್ತಾಯಿತು? ಬಲಗೈ ಹೆಬ್ಬೆರಳು ಮತ್ತೆ ಪಕ್ಕದ ಎರಡು ಬೆರಳು ಒಡೆದು ನವೆ ಬರುತ್ತಿದೆ. ಪಾತ್ರೆ ತೊಳೆದು ಹೀಗಾಗಿದೆ ಅಂದುಕೊಂಡು ಸುಮ್ಮನಿದ್ದೆ. ಹೌದು, ಬಾಯಿ ಒರೆಸುವುದೂ ಅದರಲ್ಲೇ. ಮಡಿಕೆಯೊಳಗೆ ಅಷ್ಟಿಲ್ಲ, ಮೇಲೆ ಉಬ್ಬಿದ ಜಾಗದಲ್ಲೇ ಜಾಸ್ತಿ. ಚುಕ್ಕಿ ಗುಳ್ಳೆ ಇಲ್ಲ.

ಹುಬ್ಬಳ್ಳಿ ಚರ್ಮದ ಡಾಕ್ಟರ್

ಮಡಿಕೆಯೊಳಗೆ ಕೆಂಪು, ಸುತ್ತ ಚುಕ್ಕಿ ಇದ್ದರೆ ಫಂಗಸ್ ಕಡೆ ಮನಸ್ಸು ಹೋಗುತ್ತದೆ. ನಿಮ್ಮದು ಹಾಗಿಲ್ಲ. ಅಂಡು, ಬಾಯಿ, ಒರೆಸುವವರ ಬೆರಳು ಮೂರೂ ಕೂಡಿದರೆ ವೈಪ್ಸ್ ಮೇಲೆ ಅನುಮಾನ ಬರುತ್ತದೆ. ಈಗಲೇ ಎದ್ದು ಹೋಗಿ ಎರಡೂ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರದ ಪಟ್ಟಿ ನೋಡಿ. ಹುಡುಕಬೇಕಾದ ಪ್ರಿಸರ್ವೇಟಿವ್ ಹೆಸರು ಮೀಥೈಲ್‌ಐಸೋಥಿಯಾಜೋಲಿನೋನ್. ಇದರ ಅಣ್ಣ ಒಬ್ಬನಿದ್ದಾನೆ, ಹೆಸರಿನ ನಡುವೆ "ಕ್ಲೋರೋ" ಸೇರಿರುತ್ತದೆ.

ದಾವಣಗೆರೆ ಅಮ್ಮ

ಇದೆ. ಹಳೆಯದರಲ್ಲೂ ಇದೆ, ದುಬಾರಿಯದರಲ್ಲೂ ಇದೆ. ಕೊನೆಯ ಸಾಲಲ್ಲಿ. ಓದುವುದಕ್ಕೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಬೇಕಾಯಿತು.

ಹುಬ್ಬಳ್ಳಿ ಚರ್ಮದ ಡಾಕ್ಟರ್

ಹಾಗಾದರೆ ಇವತ್ತಿನಿಂದ ವೈಪ್ಸ್ ಬಂದ್. ಉಗುರು ಬೆಚ್ಚಗಿನ ನೀರು, ಹತ್ತಿ ಅಥವಾ ಮೆತ್ತನೆ ಬಟ್ಟೆ. ಉಜ್ಜಬೇಡಿ, ಒತ್ತಿ ಒಣಗಿಸಿ. ವಾಸನೆ ಇಲ್ಲದ ಜಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿ. ದಿನಕ್ಕೆ ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಬಿಡಿ. ಅಲರ್ಜಿ ಇಳಿಯುವುದಕ್ಕೆ ಎರಡು ಮೂರು ವಾರ ಬೇಕು, ಎರಡು ದಿನಕ್ಕೆ ನೋಡಿ "ಇದೂ ಅಲ್ಲ" ಅಂದುಬಿಡಬೇಡಿ. ಮಗುವನ್ನು ಒಮ್ಮೆ ಹತ್ತಿರದ ಡಾಕ್ಟರಿಗೆ ತೋರಿಸಲೇಬೇಕು, ಈ ಚರ್ಚೆ ಅದಕ್ಕೆ ಬದಲಿ ಅಲ್ಲ.

ಈ ಕೆಮಿಕಲ್ಲಿನ ಕಥೆ ಸ್ವಲ್ಪ ಉದ್ದ, ಆದರೂ ಹೇಳುತ್ತೇನೆ, ಯಾಕೆಂದರೆ "ಪ್ಯಾರಾಬೆನ್ ಇಲ್ಲ" ಅನ್ನುವ ಬರಹಕ್ಕೂ ಇದಕ್ಕೂ ಸಂಬಂಧ ಇದೆ. ಮೊದಲು ಅಣ್ಣ ತಮ್ಮ ಇಬ್ಬರನ್ನೂ 3:1ರ ಲೆಕ್ಕದಲ್ಲಿ ಬೆರೆಸಿ ಹಾಕುತ್ತಿದ್ದರು. ಯುರೋಪಿನಲ್ಲಿ ಮಿತಿ ಎರಡೂ ಸೇರಿ ಹತ್ತು ಲಕ್ಷ ಭಾಗಕ್ಕೆ 15 ಭಾಗ. ಅಣ್ಣನಿಂದ ಅಲರ್ಜಿ ಜಾಸ್ತಿ ಅಂತ ಗೊತ್ತಿತ್ತು. ಹಾಗಾಗಿ 2005ರಲ್ಲಿ ತಮ್ಮ ಒಬ್ಬನನ್ನೇ ಬಳಸಬಹುದು ಅಂದರು. ಆದರೆ ತಮ್ಮ ಕ್ರಿಮಿ ಕೊಲ್ಲುವುದರಲ್ಲಿ ಸ್ವಲ್ಪ ಮೆದು, ಅದಕ್ಕೆ ಮಿತಿಯನ್ನು 100ಕ್ಕೆ ಏರಿಸಿದರು. ಮೊದಲಿನ ಮಿಶ್ರಣದಲ್ಲಿ ಅವನ ಪಾಲು ನಾಲ್ಕು ಭಾಗವೂ ಇರಲಿಲ್ಲ. ಅಂದರೆ ಒಂದೇ ಏಟಿಗೆ 25 ಪಟ್ಟಿಗೂ ಮೇಲೆ. ಅದೇ ಕಾಲಕ್ಕೆ ಜನ ಪ್ಯಾರಾಬೆನ್‌ಗೆ ಹೆದರಿ ಓಡುತ್ತಿದ್ದರು, ಕಂಪನಿಗಳಿಗೆ ಬದಲಿ ಬೇಕಿತ್ತು. ಇವನು ಸಿಕ್ಕಿದ.

ಹತ್ತು ವರ್ಷದೊಳಗೆ ಯುರೋಪಿನ ಚರ್ಮದ ಕ್ಲಿನಿಕ್ಕುಗಳಲ್ಲಿ ಇದರ ಅಲರ್ಜಿ ಸಾಲುಗಟ್ಟಿ ಬಂತು. 2013ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಇದಕ್ಕೆ "ವರ್ಷದ ಅಲರ್ಜಿಕಾರಕ" ಅಂತ ಪಟ್ಟ ಕಟ್ಟಿತು. 2014ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಆರು ಮಕ್ಕಳ ವರದಿ ಬಂತು. ವೈಪ್ಸಿನಲ್ಲಿದ್ದ ಈ ಕೆಮಿಕಲ್ಲಿಗೇ ಅಂಡು ಮತ್ತು ಮುಖದ ಮೇಲೆ ಅಲರ್ಜಿ, ನಿಮ್ಮ ಮಗುವಿನ ಹಾಗೆಯೇ. ಅವರಿಗೆ ಬೇರೆ ಬೇರೆ ಕಾಯಿಲೆ ಅಂದುಕೊಂಡು ಔಷಧಿ ಕೊಟ್ಟು ಕಾಲ ಕಳೆದಿತ್ತು. ವೈಪ್ಸ್ ಬಿಟ್ಟ ಮೇಲೆ ವಾಸಿಯಾಯಿತು.

ಇನ್ನು ಎಲ್ಲರೂ ಬೈಯುವ ಪ್ಯಾರಾಬೆನ್? ಅದೇ ಸಂಘ 2019ರಲ್ಲಿ ಅದನ್ನು "ಅಲರ್ಜಿ ಮಾಡದ ವಸ್ತು" ಅಂತ ಹೆಸರಿಸಿತು. ಅಲರ್ಜಿಯ ಲೆಕ್ಕದಲ್ಲಿ ಪ್ಯಾರಾಬೆನ್ ತುಂಬಾ ಸಾಧು. ಹಾರ್ಮೋನಿನ ಪ್ರಶ್ನೆ ಬೇರೆ.

ಡಬ್ಲಿನ್ ಅಪ್ಪ

ನಾನು ಐರ್ಲೆಂಡಿನಲ್ಲಿದ್ದೇನೆ, ಶಿರಸಿ ಕಡೆಯವನು. ಮಗ ಹುಟ್ಟಿದಾಗ ನಾನೂ ಈ ಬಾವಿಗೆ ಬಿದ್ದು ಈಜಿದವನೇ. ಇಲ್ಲಿನ ನಿಯಮ ಹೇಳುತ್ತೇನೆ. ಡಾಕ್ಟರ್ ಹೇಳಿದ ಕೆಮಿಕಲ್ ಅನ್ನು 2017ರಿಂದ ಹಚ್ಚಿ ಹಾಗೇ ಬಿಡುವ ಯಾವ ಪದಾರ್ಥದಲ್ಲೂ ಹಾಕುವ ಹಾಗಿಲ್ಲ. ವೈಪ್ಸ್ ಕೂಡ ಹಚ್ಚಿ ಬಿಡುವ ಲೆಕ್ಕದಲ್ಲೇ ಬರುತ್ತದೆ, ಏಕೆಂದರೆ ಒರೆಸಿದ ಮೇಲೆ ಯಾರೂ ತೊಳೆಯುವುದಿಲ್ಲವಲ್ಲ. ಶಾಂಪೂ, ಸೋಪಿನಂಥ ತೊಳೆದು ಹೋಗುವ ವಸ್ತುಗಳಲ್ಲಿ 2018ರಿಂದ ಹತ್ತು ಲಕ್ಷಕ್ಕೆ 15 ಭಾಗ ಮಾತ್ರ.

ಪ್ಯಾರಾಬೆನ್ ವಿಷಯದಲ್ಲಿ ಮೊದಲು ಹೆಜ್ಜೆ ಇಟ್ಟದ್ದು ಡೆನ್ಮಾರ್ಕ್. 2011ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಪದಾರ್ಥದಲ್ಲಿ ಪ್ರೊಪೈಲ್, ಬ್ಯೂಟೈಲ್ ಬೇಡ ಅಂದಿತು. 2014ರಲ್ಲಿ ಇಡೀ ಯುರೋಪಿಯನ್ ಒಕ್ಕೂಟ ಒಂದು ನಡುದಾರಿ ಹಿಡಿಯಿತು. ಆ ಎರಡಕ್ಕೂ 0.14% ಮಿತಿ. ಮೂರು ವರ್ಷದೊಳಗಿನ ಮಕ್ಕಳ ಡೈಪರ್ ಜಾಗಕ್ಕೆ ಹಚ್ಚಿ ಬಿಡುವ ಕ್ರೀಮಿನಲ್ಲಿ ಮಾತ್ರ ಪೂರ್ತಿ ನಿಷೇಧ. ಐಸೋಪ್ರೊಪೈಲ್, ಐಸೋಬ್ಯೂಟೈಲ್ ಸೇರಿ ಇನ್ನೂ ಐದು ಪ್ಯಾರಾಬೆನ್‌ಗಳನ್ನು ಎಲ್ಲರಿಗೂ ನಿಷೇಧಿಸಿದರು. ಮೀಥೈಲ್, ಎಥೈಲ್ 0.4% ತನಕ ಇವತ್ತಿಗೂ ನಡೆಯುತ್ತದೆ.

ನನಗೆ ಇಷ್ಟವಾದದ್ದು ಒಂದೇ: ಅವರು "ಒಳ್ಳೆಯದು, ಕೆಟ್ಟದ್ದು" ಅಂತ ನೋಡಲಿಲ್ಲ, ಮೈಯ ಯಾವ ಜಾಗಕ್ಕೆ ಅಂತ ನೋಡಿದರು.

ಲೆಕ್ಕದ ಮೇಷ್ಟ್ರು

ಒಂದು ಅನುಮಾನ. ಇವೆಲ್ಲ 0.1%, 0.01% ಲೆಕ್ಕ. ಒಂದು ಹನಿಯ ಹನಿ. ನಾವು ದೊಡ್ಡವರು ಇದಕ್ಕಿಂತ ಜಾಸ್ತಿ ಮೈಗೆ ಬಳಿದುಕೊಳ್ಳುತ್ತೇವೆ. ಮಕ್ಕಳಿಗೆ ಮಾತ್ರ ಯಾಕಿಷ್ಟು ಭಯ? ನಮ್ಮ ಕಾಲದಲ್ಲಿ ಡಬ್ಬಗಟ್ಟಲೆ ಪೌಡರ್ ಸುರಿಯುತ್ತಿದ್ದರು, ಗುಂಡುಕಲ್ಲಿನ ಹಾಗಿದ್ದೇವೆ.

ಹುಬ್ಬಳ್ಳಿ ಚರ್ಮದ ಡಾಕ್ಟರ್

ಮೇಷ್ಟ್ರೇ, ನಿಮಗೆ ಲೆಕ್ಕದಲ್ಲೇ ಉತ್ತರ. ಮೈತೂಕಕ್ಕೆ ಹೋಲಿಸಿದರೆ ಚರ್ಮದ ಅಗಲ ಹುಟ್ಟಿದ ಮಗುವಿಗೆ ದೊಡ್ಡವರ 2.3 ಪಟ್ಟು. ಆರು ತಿಂಗಳಿಗೆ 1.8, ವರ್ಷಕ್ಕೆ 1.6. ಅಂದರೆ ಒಂದೇ ಕ್ರೀಮನ್ನು ಮೈತುಂಬ ಹಚ್ಚಿದರೆ ಕೆಜಿ ಲೆಕ್ಕದಲ್ಲಿ ಮಗುವಿಗೆ ಎರಡು ಪಟ್ಟು ಸಿಕ್ಕಿತು. ಇಷ್ಟೇ ಆಗಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಡೈಪರಿನೊಳಗೆ ಇನ್ನೊಂದು ಕಥೆ. ಮೂತ್ರ ಮಲ ಸೇರಿ ಚರ್ಮದ ಹುಳಿಗುಣ ಕಳೆಯುತ್ತದೆ, ಮಲದ ಕಿಣ್ವಗಳು ಚರ್ಮವನ್ನು ಸವೆಸುತ್ತವೆ, ಮೇಲೆ ಪ್ಲಾಸ್ಟಿಕ್ ಮುಚ್ಚಿದೆ. ಗಾಯವಾದ, ನೆನೆದ, ಮುಚ್ಚಿಟ್ಟ ಚರ್ಮ. ನಾವು ಬೇಕೆಂದೇ ಔಷಧಿ ಒಳಗಿಳಿಸಬೇಕಾದಾಗ ಮಾಡುವುದೂ ಇದನ್ನೇ, ಹಚ್ಚಿ ಪ್ಲಾಸ್ಟಿಕ್ ಸುತ್ತುತ್ತೇವೆ.

ಇನ್ನೊಂದು, ಒಳಗೆ ಹೋದದ್ದನ್ನು ಕರಗಿಸುವ ಲಿವರು. ಎಳೆಯ ಮಗುವಿಗೆ ಅದು ಇನ್ನೂ ಪೂರ್ತಿ ಕೆಲಸ ಕಲಿತಿರುವುದಿಲ್ಲ. 1982ರಲ್ಲಿ ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ ದಿನ ತುಂಬದ 16 ಮಕ್ಕಳು ತೀರಿಕೊಂಡ ವರದಿ ಬಂತು. ರಕ್ತನಾಳದ ಟ್ಯೂಬು ತೊಳೆಯುವ ಸಲೈನಿನಲ್ಲಿ ಬೆಂಜೈಲ್ ಆಲ್ಕೋಹಾಲ್ ಅನ್ನುವ ಪ್ರಿಸರ್ವೇಟಿವ್ ಇತ್ತು. ದೊಡ್ಡವರಿಗೆ ಅದೇ ಸಲೈನು ನಿರುಪದ್ರವಿ. ಮೈಯಲ್ಲಿ ಅದು ಬೆಂಜೋಯಿಕ್ ಆಸಿಡ್ ಆಗುತ್ತದೆ, ಅಜ್ಜಿಯ ಲೋಬಾನದ್ದೇ. ದೊಡ್ಡವರ ಲಿವರು ಅದನ್ನು ಬದಲಿಸಿ ಮೂತ್ರದಲ್ಲಿ ಕಳಿಸುತ್ತದೆ. ಆ ಕೂಸುಗಳ ಲಿವರಿಗೆ ಆಗಲಿಲ್ಲ, ರಕ್ತ ಹುಳಿಯಾಗಿ ಏದುಸಿರು ಬಂತು. ಇದು ನೇರ ರಕ್ತಕ್ಕೆ ಹೋದದ್ದು, ಕ್ರೀಮಿಗೆ ಹೋಲಿಸಿ ಯಾರೂ ಗಾಬರಿಯಾಗಬೇಡಿ. ದೊಡ್ಡವರ ಲೆಕ್ಕವನ್ನು ಎಳೆ ಮಗುವಿಗೆ ಹಾಕಬಾರದು ಅನ್ನುವುದಕ್ಕೆ ಹೇಳಿದೆ.

ಪೌಡರಿನ ಮಾತೆತ್ತಿದಿರಿ. 1972ರಲ್ಲಿ ಫ್ರಾನ್ಸಿನಲ್ಲಿ ಒಂದು ಮಗುವಿನ ಪೌಡರಿಗೆ ತಪ್ಪಿನಿಂದ ಹೆಕ್ಸಾಕ್ಲೋರೋಫೀನ್ ಅನ್ನುವ ಕ್ರಿಮಿನಾಶಕ 6%ಕ್ಕೂ ಜಾಸ್ತಿ ಸೇರಿಹೋಯಿತು. ಯಾರೂ ಕುಡಿಸಲಿಲ್ಲ, ಅಂಡಿಗೆ ಹಾಕಿದರು ಅಷ್ಟೇ. 204 ಮಕ್ಕಳು ಕಾಯಿಲೆ ಬಿದ್ದು 36 ಮಕ್ಕಳು ಸತ್ತವು.

ಲೆಕ್ಕದ ಮೇಷ್ಟ್ರು

36 ಮಕ್ಕಳಾ. ಗುಂಡುಕಲ್ಲಿನ ಮಾತು ವಾಪಸ್ ತೆಗೆದುಕೊಂಡೆ.

ತುಮಕೂರು ಚಿಕ್ಕಮ್ಮ

ನನ್ನದೊಂದು ಪ್ರಶ್ನೆ. 2019ರಲ್ಲಿ ಬೇಬಿ ಶಾಂಪೂವಿನಲ್ಲಿ ಫಾರ್ಮಾಲಿನ್ ಸಿಕ್ಕಿತು ಅಂತ ಟೀವಿಯಲ್ಲಿ ಬಂದಿತ್ತಲ್ಲ, ಹೆಣ ಇಡುವುದಕ್ಕೆ ಬಳಸುತ್ತಾರಲ್ಲ ಅದು. ಅದು ಏನಾಯಿತು? ಅವತ್ತಿನಿಂದ ಅಕ್ಕನ ಮಗುವಿಗೆ ನಾವು ಶಾಂಪೂ ಮುಟ್ಟಿಸಿಲ್ಲ.

ಪೀಣ್ಯ ಲ್ಯಾಬ್

ರಾಜಸ್ಥಾನದ ಔಷಧ ನಿಯಂತ್ರಣ ಇಲಾಖೆ ಮಾದರಿಗಳಲ್ಲಿ ಫಾರ್ಮಾಲ್ಡಿಹೈಡ್ ಇದೆ ಅಂದಿತು. ಕಂಪನಿ ಒಪ್ಪಲಿಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕು ಆಯೋಗ ಮಾರಾಟ ನಿಲ್ಲಿಸಿ ಅಂತ ರಾಜ್ಯಗಳಿಗೆ ಬರೆಯಿತು. ಆಮೇಲೆ ಕೇಂದ್ರದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂತ ಕಂಪನಿ ಹೇಳಿತು. ಮೊದಲಿನ ಸುದ್ದಿ ಎಲ್ಲರ ಮನೆಗೆ ಹೋಯಿತು, ಕೊನೆಯದು ಹೋಗಲಿಲ್ಲ.

ಆದರೆ ವಿಷಯ ಸುಳ್ಳಲ್ಲ. ಶಾಂಪೂವಿಗೆ ಯಾರೂ ಫಾರ್ಮಾಲಿನ್ ಸುರಿಯುವುದಿಲ್ಲ. ಕ್ವಾಟರ್ನಿಯಂ-15, ಡಿಎಂಡಿಎಂ ಹೈಡಾಂಟೊಯಿನ್, ಇಮಿಡಾಝೋಲಿಡಿನೈಲ್ ಯೂರಿಯಾ ಅನ್ನುವ ಪ್ರಿಸರ್ವೇಟಿವ್‌ಗಳಿವೆ. ಅವು ಬಾಟಲಿಯಲ್ಲಿ ಕೂತು ಇಷ್ಟಿಷ್ಟೇ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದೇ ಅವುಗಳ ಕೆಲಸ. ಹಾಗಾಗಿ ಪಟ್ಟಿಯಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ಪದವೇ ಇಲ್ಲದೆ ಬಾಟಲಿಯಲ್ಲಿ ಅದು ಇರಬಹುದು. 2009ರಲ್ಲಿ ಅಮೆರಿಕದ ಒಂದು ಗ್ರಾಹಕ ಸಂಘಟನೆ ಮಕ್ಕಳ ಸ್ನಾನದ ಪದಾರ್ಥಗಳಲ್ಲಿ ಇದನ್ನು ಎತ್ತಿ ತೋರಿಸಿದ ಮೇಲೆ, ಅಲ್ಲಿನ ದೊಡ್ಡ ಕಂಪನಿ ತನ್ನ ಬೇಬಿ ಶಾಂಪೂವನ್ನು ಬದಲಿಸಿ 2014ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಫಾರ್ಮಾಲ್ಡಿಹೈಡ್ ಉಸಿರಿನಲ್ಲಿ ಹೆಚ್ಚು ಹೋದರೆ ಕ್ಯಾನ್ಸರ್. ಶಾಂಪೂವಿನಷ್ಟರಲ್ಲಿ ಚಿಂತೆ ಅಲರ್ಜಿಯದು. ಆ ಮೂರು ಹೆಸರು ಇಲ್ಲದ ಶಾಂಪೂ ತೆಗೆದುಕೊಳ್ಳಿ ಚಿಕ್ಕಮ್ಮ, ಬೇಕಾದಷ್ಟು ಸಿಗುತ್ತವೆ.

ಔಷಧಿ ಅಂಗಡಿ ಅಣ್ಣ

ನಾನು ಕೌಂಟರಿನ ಈ ಕಡೆ ನಿಂತವನು, ಕೆಲವು ಮಾತು.

ದಾವಣಗೆರೆ ಅಕ್ಕಾ, ನಿಮಗೆ ಕೊಟ್ಟ ಕ್ರೀಮಿನ ಟ್ಯೂಬ್ ನೋಡಿ. ಸ್ಟೀರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯಾಟಿಕ್ ಮೂರೂ ಕಲಸಿದ್ದಾಗಿರುತ್ತದೆ, ನಾಲ್ಕೇ ದಿನಕ್ಕೆ ಮಾಯವಾಯಿತು ಅಂದಾಗಲೇ ಅನುಮಾನ ಬಂತು. 2018ರಿಂದ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳು ಷೆಡ್ಯೂಲ್ ಎಚ್‌ನಲ್ಲಿವೆ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಮ್ಮವರು ಕೊಡುತ್ತಾರೆ, ಒಪ್ಪಿಕೊಳ್ಳಬೇಕು. ಡೈಪರಿನೊಳಗೆ ಅದು ಜಾಸ್ತಿ ಇಳಿಯುತ್ತೆ, ಚರ್ಮ ತೆಳುವಾಗುತ್ತೆ. ಡಾಕ್ಟರ್ ಹೇಳದೆ ಮುಂದುವರಿಸಬೇಡಿ.

ಪಟ್ಟಿ ಓದುವ ಒಂದು ಉಪಾಯ. ಜಾಸ್ತಿ ಇರುವುದು ಮೊದಲು, ಕಮ್ಮಿ ಇರುವುದು ಆಮೇಲೆ ಅಂತ ನಿಯಮ. ಆದರೆ 1%ಕ್ಕಿಂತ ಕಮ್ಮಿ ಇರುವುದನ್ನು ಹೇಗೆ ಬೇಕೋ ಹಾಗೆ ಜೋಡಿಸಬಹುದು. ಫಿನಾಕ್ಸಿಎಥನಾಲ್ ಅನ್ನುವ ಪ್ರಿಸರ್ವೇಟಿವ್ ಸಾಮಾನ್ಯವಾಗಿ 1% ದಾಟುವುದಿಲ್ಲ. ಅದರ ಹೆಸರು ಬಂದ ಮೇಲೆ ಲೋಳೆಸರ, ಬಾದಾಮಿ, ಕೇಸರಿ ಅಂತ ಇದ್ದರೆ, ಪ್ಯಾಕೆಟ್ಟಿನ ಮುಂಭಾಗದ ಚಿತ್ರದಲ್ಲಿ ಇರುವಷ್ಟೂ ಒಳಗಿಲ್ಲ ಅಂತ ತಿಳಿಯಿರಿ.

ಇನ್ನೂ ಒಂದು. ಪ್ಯಾರಾಬೆನ್ ಇಲ್ಲದ ಲೋಷನ್ ಬೇಕು ಅಂತ ಜಗಳ ಮಾಡುವವರೇ ಮಗುವಿಗೆ ಕೆಮ್ಮಿನ ಸಿರಪ್ ತೆಗೆದುಕೊಂಡು ಹೋಗುತ್ತಾರೆ. ಎಷ್ಟೋ ಸಿರಪ್ಪುಗಳಲ್ಲಿ ಮೀಥೈಲ್ ಪ್ಯಾರಾಬೆನ್, ಸೋಡಿಯಂ ಬೆಂಜೋಯೇಟ್ ಇರುತ್ತವೆ. ಬಾಟಲಿ ತೆರೆದು ಚಮಚ ಅದ್ದುವ ವಸ್ತು, ಇರಲೇಬೇಕು. ಕಾಯಿಲೆಗೆ ಬೇಕಾದಾಗ ಕೊಡಿ. ಸುಮ್ಸುಮ್ನೆ ಕುಡಿಸುವುದನ್ನು ಬಿಡಿ ಅಷ್ಟೇ.

ಮೈಸೂರು ಸೋಪಮ್ಮ

ಫಿನಾಕ್ಸಿಎಥನಾಲ್ ಅಂದಿರಲ್ಲ, ಅದಾದರೂ ಮಕ್ಕಳಿಗೆ ಆಗುತ್ತಾ? ನಿಜವಾಗಿ ಕೇಳುತ್ತಿದ್ದೇನೆ, ವಾದಕ್ಕಲ್ಲ.

ಡಬ್ಲಿನ್ ಅಪ್ಪ

ಅಕ್ಕಾ, ಅದರಲ್ಲಿ ತಜ್ಞರೇ ಒಂದು ಮಾತಿಗೆ ಬಂದಿಲ್ಲ. ಫ್ರಾನ್ಸಿನ ಔಷಧ ಸಂಸ್ಥೆ 2012ರಲ್ಲೇ ಮೂರು ವರ್ಷದೊಳಗಿನ ಮಕ್ಕಳ ಅಂಡಿಗೆ ಬೇಡ, ಮೈಗೆ 0.4% ಸಾಕು ಅಂದಿತು. ಯುರೋಪಿನ ವಿಜ್ಞಾನಿಗಳ ಸಮಿತಿ 2016ರಲ್ಲಿ ಮತ್ತೆ ಲೆಕ್ಕ ಹಾಕಿ 1% ತನಕ ಮಕ್ಕಳಿಗೂ ತೊಂದರೆ ಇಲ್ಲ ಅಂದಿತು. 2019ರಲ್ಲೂ ಫ್ರಾನ್ಸ್ ತನ್ನ ಹಟ ಬಿಟ್ಟಿರಲಿಲ್ಲ. ನಾವು ಮನೆಯಲ್ಲಿ ಮೈಗೆ ಹಚ್ಚುವುದರಲ್ಲಿ ಇದ್ದರೆ ತಲೆ ಕೆಡಿಸಿಕೊಳ್ಳಲಿಲ್ಲ, ಡೈಪರ್ ಕ್ರೀಮ್ ಮಾತ್ರ ನೀರಿಲ್ಲದ ಜಿಂಕ್ ಮುಲಾಮು ತಂದೆವು. ನೀರಿಲ್ಲ, ಹಾಗಾಗಿ ಈ ಜಗಳವೇ ಇಲ್ಲ.

ಮೈಸೂರು ಸೋಪಮ್ಮ

ನೀರಿಲ್ಲದ್ದು. ಸರಿ, ನನ್ನ ತೆಂಗಿನೆಣ್ಣೆ ಜೇನುಮೇಣದ ಮುಲಾಮಿಗೆ ಯಾರೂ ಮಾತಾಡುವ ಹಾಗಿಲ್ಲ ಹಾಗಾದರೆ. ಲೋಳೆಸರದ ಲೋಷನ್ ನಿಲ್ಲಿಸಿದ್ದೇನೆ. ಫ್ರಿಜ್ಜಿನಲ್ಲಿದ್ದ ಒಂದು ಬಾಟಲಿ ಬೆಳಕಿಗೆ ಹಿಡಿದು ನೋಡಿದೆ, ತಳದಲ್ಲಿ ನೂಲಿನ ಹಾಗೆ ಏನೋ ತೇಲುತ್ತಿತ್ತು. ನಮಗಿದು ಮೊದಲೇ ಕಾಣಲಿಲ್ಲ ನೋಡಿ.

ವೇದಿಕೆ ನೋಡಿಕೊಳ್ಳುವವರು

ದಯವಿಟ್ಟು ಯಾವ ವೈಪ್ಸ್ ಒಳ್ಳೆಯದು ಅಂತ ಕಂಪನಿ ಹೆಸರು ಹಾಕಬೇಡಿ. ಮೂರು ಕಾಮೆಂಟ್ ತೆಗೆದಿದ್ದೇವೆ, ಮೂರರಲ್ಲೂ ಒಂದೇ ಲಿಂಕ್ ಇತ್ತು.

ದಾವಣಗೆರೆ ಅಮ್ಮ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಕ್ಷಮಿಸಿ. ಇಲ್ಲೇ ಊರಿನ ಮಕ್ಕಳ ಡಾಕ್ಟರಿಗೆ ತೋರಿಸಿದೆವು, ಅವರು ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಕ್ರೀಮು ಅಂಗಡಿ ಅಣ್ಣ ಹೇಳಿದ್ದೇ ಆಗಿತ್ತು, ಮೂರು ಕಲಸಿದ್ದು. ಅದನ್ನು ಬಿಡಿಸಿದರು. ವೈಪ್ಸ್ ಪೂರ್ತಿ ಬಂದ್. ಒಂದು ವಾರ ಏನೂ ಬದಲಾಗಲಿಲ್ಲ, ನಾನು ಅತ್ತೇ ಬಿಟ್ಟೆ. ಎರಡನೇ ವಾರ ಬಾಯಿಯ ಸುತ್ತ ಹೋಯಿತು. ಈಗ ಅಂಡು ಕೂಡ ಮೊದಲಿನ ಹಾಗೆ ಆಗಿದೆ, ಒಂದು ಕಡೆ ಸಣ್ಣ ಕಲೆ ಇದೆ ಅಷ್ಟೇ.

ನನ್ನ ಬೆರಳು ಮಾತ್ರ ಹೋಗಲಿಲ್ಲ. ಮಗುವಿಗೆ ಈಗಲೇ ಪರೀಕ್ಷೆ ಬೇಡ, ನಿಮಗೇ ಮಾಡೋಣ ಅಂದರು. ಬೆನ್ನಿಗೆ ಒಂದೊಂದು ಕೆಮಿಕಲ್ ಇಟ್ಟ ಸಾಲು ಸಾಲು ಪಟ್ಟಿ ಅಂಟಿಸಿ ಎರಡು ದಿನ ನೀರು ತಾಗಿಸಬಾರದು, ಈ ಸೆಕೆಯಲ್ಲಿ! ಎರಡನೇ ದಿನ ತೆಗೆದು ನೋಡಿದರು, ನಾಲ್ಕನೇ ದಿನ ಮತ್ತೆ ನೋಡಿದರು. ಹುಬ್ಬಳ್ಳಿ ಡಾಕ್ಟರ್ ಹೇಳಿದ ಅದೇ ಹೆಸರಿನ ಜಾಗದಲ್ಲಿ ಕೆಂಪಗೆ ಉಬ್ಬಿತ್ತು. ಮನೆಗೆ ಬಂದು ಪಾತ್ರೆ ತೊಳೆಯುವ ಲಿಕ್ವಿಡ್ ಬಾಟಲಿ ತಿರುಗಿಸಿದರೆ ಅದರಲ್ಲೂ ಇದೆ.

ಹುಬ್ಬಳ್ಳಿ ಚರ್ಮದ ಡಾಕ್ಟರ್

ಪಾತ್ರೆ ಲಿಕ್ವಿಡ್, ಬಟ್ಟೆ ಲಿಕ್ವಿಡ್, ಮನೆಗೆ ಹಚ್ಚುವ ಬಣ್ಣ ಎಲ್ಲದರಲ್ಲೂ ಇರಬಹುದು. ಈ ಅಲರ್ಜಿ ಒಮ್ಮೆ ಬಂದರೆ ಹೋಗುವುದು ಕಷ್ಟ, ಪಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹೊಸದಾಗಿ ಬಣ್ಣ ಹೊಡೆದ ಕೋಣೆಯಲ್ಲಿ ಕೆಲವು ವಾರ ಮಲಗಬೇಡಿ. ಕೆಲವರಿಗೆ ಗಾಳಿಯಲ್ಲಿ ಬಂದದ್ದಕ್ಕೇ ಮುಖ ಊದುತ್ತದೆ.

ದಾವಣಗೆರೆ ಅಮ್ಮ

ಬಣ್ಣ? ಬರುವ ತಿಂಗಳು ನಾದಿನಿಯ ಮದುವೆ, ಮೊನ್ನೆ ತಾನೇ ಪೇಂಟಿಂಗಿನವರಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ. ಈಗ ಅತ್ತೆಗೆ ಹೇಗೆ ಹೇಳಲಿ?

ಕುಂದಾಪುರದಜ್ಜಿ

ಹೆಸರು ಹಿಟ್ಟಿನ ವಿಷಯದಲ್ಲಿ ಅವರು ಹೇಳಿದ್ದೇ ಸರಿ ಅಂತ ಮೊದಲು ಒಪ್ಪಿಕೊ. ಆಮೇಲೆ ಬಣ್ಣದ ವಿಷಯ ತೆಗಿ. ಮದುವೆ ಮುಗಿಯುವ ತನಕ ಮಗು ಕರೆದುಕೊಂಡು ತವರಿಗೆ ಹೋಗು.

ಹುಬ್ಬಳ್ಳಿ ಚರ್ಮದ ಡಾಕ್ಟರ್

ಹೆಸರು ಹಿಟ್ಟು ಮೈಗೆ ಸರಿ, ಅಂಡು ವಾಸಿಯಾಗುವ ತನಕ ಅಲ್ಲಿ ಉಜ್ಜುವುದು ಬೇಡ. ತರಿತರಿ ಇರುತ್ತದೆ. ತವರಿಗೆ ಹೋಗುವ ಸಲಹೆಗೆ ನನ್ನ ಸಹಿ ಇದೆ.